ಐದು ಬೆರಳು

ಮೆಟ್ಟಿಲು ಐವತ್ತೆರಡು. ಎಣಿಸಿದ್ದು ಬಿದ್ದ ಮೇಲೆ.
ಅದಕ್ಕೆ ಮುಂಚೆ ಹನ್ನೊಂದು ವರ್ಷ ಬರೀ ಹತ್ತಿಳಿದೆ,
ಬೆನ್ನಿಗೆ ಚೀಲ, ಕಣ್ಣು ಆಗಲೇ ಬಸ್‌ನಿಲ್ದಾಣದಲ್ಲಿ.

ಈಗ ಮೊಣಕಾಲಿಗೆ ಪ್ಲಾಸ್ಟರು.
ಟಿಬಿಲಿಸಿಯ ಹಳೇ ವಠಾರ, ಮೂರನೇ ಮಹಡಿ,
ಕಿರುಗುಡುವ ಮರದ ಬಾಲ್ಕನಿ.
ಕೂರಲು ಒಂದು ಕುರ್ಚಿ, ಕಾಲಿಗೆ ಇನ್ನೊಂದು,
ಮಡಿಲಲ್ಲಿ ಹದಿನಾಲ್ಕು ನೋಟ್‌ಬುಕ್ಕು.
ಹಗ್ಗ ಕಟ್ಟಿದ ಬುಟ್ಟಿ ನನ್ನ ಬದಲು
ಕೆಳಗೆ ಹೋಗಿ ರೊಟ್ಟಿ ತರುತ್ತದೆ.

ಕೆಳಗಿನ ಮನೆಯ ತ್ಸಿಯಾಲಾ ತಲೆಯೆತ್ತಿ ಕೇಳಿದಳು:
‘ಎಲ್ಲೂ ಹೋಗದೆ ಪ್ರವಾಸ ಬರೆಯುವುದು ಹೇಗೆ, ಲಮಾರಾ?’
‘ಅಡುಗೆ ಮುಗಿದ ಮೇಲೆ ಉಪ್ಪು ನೋಡುವ ಹಾಗೆ.’
ಅವಳು ನಗಲಿಲ್ಲ.
‘ಉಪ್ಪು ಕುದಿಯುವಾಗಲೇ ನೋಡಬೇಕಿತ್ತು.’

ನಿಜ. ಓದುತ್ತಾ ಹೋದರೆ
ನಾನು ಕಂಡ ಊರೂರಿನಲ್ಲೂ ಅದೇ ಸೂರ್ಯ, ಅದೇ ಮುಳುಗು.
‘ಮನಮೋಹಕ’ ಎಂಬ ಮಾತು ನಲವತ್ತು ಸಲ.
ಮೂವತ್ತೊಂಬತ್ತನ್ನು ಹೊಡೆದುಹಾಕಿದೆ.
ಒಂದನ್ನು ಬಿಟ್ಟೆ, ಬತುಮಿಯ ಸಂತೆಯಲ್ಲಿ ಕಂಡ ಹುಂಜಕ್ಕೆ.
ಅದಕ್ಕೆ ಸಲ್ಲುತ್ತದೆ.

ಬಸ್ಸಿನ ಹೊತ್ತುಗಳನ್ನು ತಿದ್ದಿದೆ.
ಮುಚ್ಚಿದ ಹೋಟೆಲು ಮುಚ್ಚಿದೆಯೆಂದು ಬರೆದೆ.
ತೀರಿಕೊಂಡ ಅಂಬಿಗನನ್ನು ತೀರಿಕೊಂಡನೆನ್ನಲು
ಕೈ ಬರಲಿಲ್ಲ.
ಅವನ ದೋಣಿ ಬೆಳಿಗ್ಗೆ ಎಂಟಕ್ಕೇ ಹೊರಡುತ್ತಿರಲಿ.

ಒಂಬತ್ತನೆಯ ನೋಟ್‌ಬುಕ್ಕು: ಪರವಾನಿ ಸರೋವರದ ದಂಡೆ,
ಮೇ ತಿಂಗಳಲ್ಲೂ ನೆರಳಲ್ಲಿ ಉಳಿದ ಹಿಮ,
ಮನೆಯೆತ್ತರ ಒಟ್ಟಿದ ಬೆರಣಿ.
ದುಂಡು ಅಕ್ಷರದಲ್ಲಿ ಬರೆದಿದ್ದೇನೆ:
‘ಬಡ ಹೆಂಗಸೊಬ್ಬಳು ನಗುನಗುತ್ತಾ
ಚೀಸಿನ ಗಡ್ಡೆ ಕೈಗಿಟ್ಟಳು. ಬೆಲೆ ಕೇಳಲೇ ಇಲ್ಲ.’

ಕೇಳಿದ್ದಳು.
ಬೆರಣಿಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು
ಐದು ಬೆರಳು ಎತ್ತಿದ್ದಳು.
ಅವಳ ಅರ್ಮೇನಿಯನ್ ನನಗೆ ತಿಳಿಯದು, ನನ್ನ ಜಾರ್ಜಿಯನ್ ಅವಳಿಗೆ.
ನಾನೂ ಅಂಗೈ ಎತ್ತಿದೆ, ಹೋಗಿಬರುವವಳ ಹಾಗೆ,
ಬಸ್ಸು ಹತ್ತಿದೆ.
ಕಿಟಕಿಯಲ್ಲಿ ಕೂತು ‘ನಗುನಗುತ್ತಾ’ ಎಂದು ಬರೆದೆ.

ರಬ್ಬರು ಹಿಡಿದು ಉಜ್ಜಿದೆ. ಶಾಯಿ; ಕಾಗದ ಹರಿಯಿತು.

ಮರುದಿನ ಬುಟ್ಟಿಯಲ್ಲಿ ಐದರ ನೋಟು ಇಳಿಸಿದೆ,
ಆ ದಾರಿಯ ಮಿನಿಬಸ್ಸು ಓಡಿಸುವ ಸೂರೆನ್‌ಗೆ.
ಹೆಸರು ಕೇಳಿರಲಿಲ್ಲ, ಗುರುತು ಕೂಗಿದೆ:
‘ಬೆರಣಿ ಒಟ್ಟಿದ ಮನೆ! ನೀಲಿ ಬಾಗಿಲು!’
‘ಅಲ್ಲಿ ಎಲ್ಲರದ್ದೂ ಬೆರಣಿ, ಎಲ್ಲರದ್ದೂ ನೀಲಿ’
ಎಂದು ಗೊಣಗುತ್ತಲೇ ಜೇಬಿಗಿಟ್ಟ.

ಮೂರು ವಾರ.
ಪ್ಲಾಸ್ಟರಿನೊಳಗಿನ ತುರಿಕೆಗೆ ಹೆಣಿಗೆ ಕಡ್ಡಿ,
ಹನ್ನೆರಡನೆಯ ನೋಟ್‌ಬುಕ್ಕಿಗೆ ಕೆಂಪು ಪೆನ್ಸಿಲು.

ಆಮೇಲೆ ಒಂದು ಸಂಜೆ ಹಗ್ಗ ಜಗ್ಗಿತು. ಎಳೆದೆ, ಭಾರ.
ಹೊಸ ಚೀಸಿನ ಗಡ್ಡೆ, ಮೇಲೆ ನಾಲ್ಕು ಮಡಿಕೆಯ ಅದೇ ನೋಟು.
ಅಂಗಳದಿಂದ ಸೂರೆನ್, ವಠಾರಕ್ಕೆಲ್ಲ ಕೇಳುವಂತೆ:

‘ನಾಜೆಲಿ ಅಂತ ಅವಳ ಹೆಸರು! ಬೆಲೆ ಅಲ್ಲವಂತೆ ಅದು!
ನನಗೆ ಐದು ಮಕ್ಕಳು, ನಿನಗೆಷ್ಟು ಅಂತ ಕೇಳಿದ್ದಂತೆ!
ನೀನೂ ಕೈ ಎತ್ತಿ ಐದು ಅಂದೆಯಂತೆ!
ಎಷ್ಟು ಖುಷಿಯಾಗಿತ್ತಂತೆ ಅವಳಿಗೆ!
ಈಗ ಕೇಳಿದ್ದಾಳೆ, ಐದೂ ಮಕ್ಕಳು ಚೆನ್ನಾಗಿದ್ದಾರಾ ಅಂತ!’

ವಠಾರದಲ್ಲಿ ಎಲ್ಲರಿಗೂ ಗೊತ್ತು ನನ್ನ ಮನೆಯಲ್ಲಿ ಯಾರಿದ್ದಾರೆಂದು.
ತ್ಸಿಯಾಲಾ ಒಗೆದ ಬಟ್ಟೆ ಹಿಂಡುವುದು ನಿಲ್ಲಿಸಿದಳು.

ಹರಿದ ಪುಟ ತೆಗೆದೆ. ಯಾವ ಸಾಲನ್ನು ಹೊಡೆಯಲಿ?
ನಕ್ಕಿದ್ದಳು, ಹಾಗಾದರೆ.
ಬೆಲೆ ಕೇಳಿರಲಿಲ್ಲ, ಹಾಗಾದರೆ.
ಕಣ್ಣಾರೆ ಕಾಣದೆ ಬರೆದ ಸುಳ್ಳೇ
ಸರಿಯಿತ್ತು ಅಕ್ಷರಕ್ಕಕ್ಷರ,
‘ಬಡ’ ಎಂಬ ಒಂದು ಮಾತು ಬಿಟ್ಟು.

ಅದನ್ನು ಹೊಡೆದೆ. ಹೆಸರು ಬರೆದೆ.
ಕಂಬಿಯ ಮೇಲೆ ಬಗ್ಗಿ ಕೂಗಿದೆ:
‘ಚೆನ್ನಾಗಿದ್ದಾರೆ ಅಂತ ಹೇಳು, ಸೂರೆನ್!
ದೊಡ್ಡವಳು ಕಾಲು ಮುರಿದುಕೊಂಡಿದ್ದಾಳೆ ಅನ್ನು,
ವಾಸಿಯಾಗುತ್ತಿದೆ ಅನ್ನು!’

ಗಡ್ಡೆ ಮುರಿದು ಅರ್ಧ ಬುಟ್ಟಿಗಿಟ್ಟು
ತ್ಸಿಯಾಲಾಗೆ ಇಳಿಸಿದೆ.
ತುಸು ಬಾಯಿಗೆ ಹಾಕಿಕೊಂಡು, ತುಂಬ ಹೊತ್ತು ಬಿಟ್ಟು,
ಉಪ್ಪು ಸರಿಯಾಗಿದೆ, ಅಂದಳು.