ಉಪ್ಪಿನೊಳಗ ನಾಕು ಕಾಳು

ನಮ್ಮ ಕಡೆ ಬಿಸಲು ಹೊಡಿತೈತಿ, ಹೊಡದು ಹೋಗತೈತಿ.
ಗ್ವಾಡಿ ನೆಳ್ಳಿಗೆ ಸರದ್ರ ಮುಗೀತು.
ಇಲ್ಲಿ ಬಿಸಲು ಹೊಡಿಯಂಗಿಲ್ಲ,
ಮೈಮ್ಯಾಲ ಬಂದು ಕುಂಡ್ರತೈತಿ,
ಊಟ ಆಗಿ ಎಲಿ-ಅಡಕಿ ಕೊಟ್ರೂ ಏಳದ ಬೀಗರಂಗ.

ಇವರಿಗೆ ಕುಂಟಿಕಾನ ಡಿಪೋಕ್ಕ ವರ್ಗ ಆತು. ಬಸ್ ಡ್ರೈವರ್.
ಒಂದು ಟ್ರಂಕು, ಹಂಚು, ಕೊಣಮಗಿ, ಜ್ವಾಳದ ಹಿಟ್ಟು,
ಐದು ವರ್ಷದ ದಾನೇಶ್ವರಿ,
ಇಷ್ಟು ತಂದು ಬಿಜೈದಾಗ ಮಾಳಿಗಿ ಮ್ಯಾಲಿನ ಖೋಲಿ ಹಿಡದ್ವಿ.
ಕೀಲಿಕೈ ಕೊಡೋ ಮುಂದ ಸೆವ್ರಿನ್ ಬಾಯಮ್ಮ ಹೇಳಿದ್ದು ಒಂದ ಮಾತು:
"ಕಿಟಕಿ ತೆಗೆದೇ ಇಡಿ ಆಯ್ತಾ,
ಇಲ್ಲದಿದ್ರೆ ಎಲ್ಲದಕ್ಕೂ ಬೂಷ್ಟು ಬರ್ತದೆ."
ಬೂಷ್ಟು ಅಂದ್ರೇನು ಅಂತ ನಾ ಕೇಳಲಿಲ್ಲ.
ಎಂಟು ದಿನದಾಗ ಅದ ಬಂದು ಹೇಳಿತು.

ಇವರ ಬೆಲ್ಟಿಗೆ ಹಸರು.
ಮದಿವಿ ಫೋಟೋದಾಗ ನನ್ನ ಎಡಗಲ್ಲಕ್ಕ ಬಿಳಿ.
ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ,
ಮುರದ್ರ ಚಟ್ ಅಂತಿದ್ವು,
ಮೂರನೇ ದಿನಕ್ಕ ಹಸಿ ತೊಗಲಿನಂಗ ಬಾಗಿ ನಿಂತ್ವು.
ಉಪ್ಪು ಡಬ್ಬಿಯೊಳಗ ಕುಂತು ಅಳತಿತ್ತು.

ಖಾಕಿ ಅಂಗಿ ಒಣಗಂಗಿಲ್ಲ.
ಕುರ್ಚಿಗೆ ತೊಡಸಿ ಫ್ಯಾನಿನ ಕೆಳಗ ಕುಂಡ್ರಸತೀನಿ.
ನಡರಾತ್ರಿ ಎಚ್ಚರಾದ್ರ ಯಾರೋ ನಮ್ಮನ್ನ ಕಾಯಾಕತ್ತಂಗ.
ಅವರು ಆವಾಗ ಶಿರಾಡಿ ಘಾಟಿನ ಯಾವ ತಿರುವಿನಾಗೋ
ಮತ್ತೊಂದು ಒದ್ದಿ ಅಂಗಿಯೊಳಗ.
ಮುಂಜಾನೆ ಏಳಕ್ಕ ಬಂದು ಮಲಗತಾರ. ಆಮ್ಯಾಲ
ನಮ್ಮ ಮನ್ಯಾಗ ನಾವ ಕಳ್ಳರು.
ಸೀಟಿ ಹೊಡಿಯೋದ್ರಾಗ ಕುಕ್ಕರ್ ಇಳಸಬೇಕು,
ದಾನು ನಗೂದಿದ್ರ ಪಾವಟಿಗಿ ಮ್ಯಾಲ ಹೋಗಿ ನಗಬೇಕು.

ಒಂದಿನ ಜಗಳಾದ್ವಿ. ಯಾತಕ್ಕಂತ ನೆನಪಿಲ್ಲ,
ಟಾವೆಲ್ ಇರಬೇಕು.
ಈ ಊರಾಗ ಸಿಟ್ಟೂ ಲಗೂನ ಒಣಗಂಗಿಲ್ಲ.
ಅವರು ಚಪ್ಪಲಿ ಮೆಟಿಗೊಂಡು ಹೋದ್ರು.
ನಾ ಉಪ್ಪಿನ ಡಬ್ಬಿ ಕಟ್ಟಿಗೆ ಕುಟ್ಟಾಕ ಹತ್ತಿದೆ,
ಕುಟ್ಟಿದೆ, ಕುಟ್ಟಿದೆ,
ಉಪ್ಪು ಬೀಳಲಿಲ್ಲ.
ಕೆಳಗಿಂದ ಬಾಯಮ್ಮ ಹತ್ತಿ ಬಂದ್ಲು.
ಜಗಳ ಕೇಳಿಸಿತ್ತು ಅಕಿಗೆ, ಕೇಳಿಸಿಲ್ಲದಂಗ
ಡಬ್ಬಿ ಇಸಗೊಂಡು ನಾಕು ಕಾಳು ಕುಚ್ಚಲಕ್ಕಿ ಹಾಕಿ ಅಲ್ಲಾಡಿಸಿದ್ಲು.
"ಅಕ್ಕಿ ಕುಡೀತದೆ ನೀರನ್ನು. ನಾಳೆ ನೋಡಿ ಮಾರಾಯ್ತಿ."
ಮರುದಿನ ಉಪ್ಪು ಉದುರಿತು.
ಇವರು ಬರೋ ಮುಂದ ಎರಡು ಹೊಸಾ ಟಾವೆಲ್ ತಂದಿದ್ರು.

ದಾನು ಅಂಗನವಾಡಿಯಿಂದ ದಿನಾ ಒಂದು ಮಾತು ತರತಾಳ,
ಕಿಸೆದಾಗ ಕಲ್ಲು ತಂದಂಗ.
ಅವತ್ತು ರೊಟ್ಟಿ ತಾಟು ದೂಡಿ "ಎಂಕ್ ಬೊಡ್ಚಿ" ಅಂದ್ಲು.
ಅರ್ಥ ಯಾರನ್ನೂ ಕೇಳಬೇಕಾಗಲಿಲ್ಲ.
ಗಂಜಿ ಬೇಕಂತ. ಮ್ಯಾಲ ಮಿಡಿ ಉಪ್ಪಿನಕಾಯಿ.
ನಾ ಆ ರೊಟ್ಟಿ ತಿಂದೆ, ಆಮ್ಯಾಲ
ಅಕಿ ಬಿಟ್ಟ ಗಂಜಿನೂ ಕುಡದೆ.
ಕೆಟ್ಟೇನಿರಲಿಲ್ಲ.

ತಮ್ಮನ ಕೂಸಿನ ಹೆಸರಿಡೂದಿತ್ತು, ಅಮೀನಗಡಕ್ಕ ಹೋದ್ವಿ.
ಇಳದ ದಿನಾನ ದಾನು ಮೂಗಿನಾಗ ರಕ್ತ,
ನನ್ನ ತುಟಿ ಸೀಳಿತು.
ಹರವಿದ ಸೀರಿ ಹೊಳ್ಳಿ ನೋಡೂದ್ರಾಗ ಒಣಗಿ ಹಪ್ಪಳ.
ಅದನ್ನ ಕೈಯಾಗ ಹಿಡಕೊಂಡು ಸುಮ್ಮನ ನಿಂತೆ,
ಇನ್ನ ಏನ ಮಾಡಬೇಕು ತಿಳೀಲಿಲ್ಲ.

ಸಂಜಿಗೆ ಅಡಿಗಿ ಮನ್ಯಾಗ ಅವ್ವ ಚೀರಿದ್ಲು:
"ಉಪ್ಪಿನಾಗ ಅಕ್ಕಿ ಯಾಕ ಹಾಕಾಕತ್ತೀಯವಾ?
ನಮ್ಮ ಉಪ್ಪಿಗೇನ ಬ್ಯಾನಿ ಬಂದೈತಿ?"
ನೋಡಿಕೊಂಡೆ.
ದಾನುಗಂತ ತಂದಿದ್ದ ಕುಚ್ಚಲಕ್ಕಿ ಚೀಲ ಬಿಚ್ಚೈತಿ,
ನನ್ನ ಕೈ ಡಬ್ಬಿಯೊಳಗೈತಿ.
ಆರಿಸಿ ತಗದೆ. ಎಲ್ಲಾ ತಗದೆ ಅನಕೊಂಡೆ.

ರಾತ್ರಿ ಊಟಕ್ಕ ಕುಂತಾಗ ಅಪ್ಪನ ಹಲ್ಲಿಗೆ ಏನೋ ಕಟಕ್ಕಂತು.
ಬಾಯಾಗಿಂದ ತಗದು ಅಂಗೈಮ್ಯಾಲ ಇಟಗೊಂಡು
ಲೈಟಿಗೆ ಹಿಡದು ಭಾಳ ಹೊತ್ತು ನೋಡಿದ.
"ಕೆಂಪೈತಲ್ಲ" ಅಂದ.