ಲೆರೆಕೊನ ಚುಕ್ಕೆ

ಇಪ್ಪತ್ತಾರು ಮಕ್ಕಳು, ಹನ್ನೊಂದು ಟ್ಯಾಬ್ಲೆಟ್ಟು.
ಲೆಸೊಥೊದ ಈ ಗುಡ್ಡದ ನೆತ್ತಿಯಲ್ಲಿ
ಭಾಗಾಕಾರ ಶುರುವಾಗುವುದು ಪಾಠಕ್ಕೂ ಮೊದಲೇ:
ಏಳಕ್ಕೆ ಎರಡೆರಡು ತಲೆ, ನಾಲ್ಕಕ್ಕೆ ಮೂರು ಮೂರು.
ಮಸೆಚಬಳ ಕಂಬಳಿಯ ಪಿನ್ನು ಗಾಜು ಗೀಚದಿರಲೆಂದು
ಅದರ ಮೂತಿಗೊಂದು ರಬ್ಬರು ಚುಚ್ಚಿಟ್ಟಿದ್ದೇನೆ.

ಮೋಡ ಕವಿದ ದಿನ, ಚಾವಣಿಯ ಫಲಕಕ್ಕೆ ಬಿಸಿಲಿಲ್ಲದೆ,
ಎರಡನೇ ಪೀರಿಯಡ್ಡಿಗೇ ಗಣಿತ ಕಣ್ಣು ಮುಚ್ಚುತ್ತದೆ.
ಆಮೇಲೆ ಸೀಮೆಸುಣ್ಣ.

ಒಳಗಿರುವ ಹೆಣ್ಣುದನಿ ಯಾರದೋ ಗೊತ್ತಿಲ್ಲ.
ಸರಿಯುತ್ತರಕ್ಕೆ ಭೇಷ್ ಎನ್ನುತ್ತಾಳೆ, ತಪ್ಪಿಗೂ ಸಿಟ್ಟಿಲ್ಲ.
ಎಷ್ಟು ಹೊತ್ತಿಗೆ ಬೈಯುತ್ತಾಳೋ ನೋಡೋಣವೆಂದು
ರೆಥಾಬಿಲೆ ಬೇಕೆಂದೇ ಎಂಟು ಸಲ ತಪ್ಪು ಒತ್ತಿದಳು.
ಬೈಯಲಿಲ್ಲ.
"ಇವಳಿಗೆ ಮಕ್ಕಳಿಲ್ಲ" ಎಂದು ತೀರ್ಪು ಕೊಟ್ಟಳು ರೆಥಾಬಿಲೆ.

ಮಕ್ಕಳಿಗೆ ನಾನು ನ್ತಾತೆ; ಅದರ ಪಾಲಿಗೆ ಅಡ್ಮಿನ್.
ನನಗೆಂದೇ ಬೇರೆ ಪುಟ, ಹೆಸರಿನ ಮುಂದೆ ಒಂದೊಂದು ಚುಕ್ಕೆ:
ಹಸಿರೆಂದರೆ ಕಲಿಯುತ್ತಿದೆ, ಹಳದಿಯೆಂದರೆ ತೂಕಡಿಸುತ್ತಿದೆ.
ಲೆರೆಕೊನದು ಕೆಂಪು.
'ಹತ್ತೊಂಬತ್ತು ದಿನಗಳಿಂದ ನಿಷ್ಕ್ರಿಯ.
ಈ ಕಲಿಕಾರ್ಥಿಯನ್ನು ಪ್ರೋತ್ಸಾಹಿಸಿ.'

ಅವನೋ ಮೇಲಿನ ದೊಡ್ಡಿಯಲ್ಲಿ,
ಚಿಕ್ಕಪ್ಪನ ಇನ್ನೂರು ಅಂಗೋರಾ ಮೇಕೆಗಳ ಹಿಂದೆ,
ಕಲ್ಲುಗುಡಿಸಲು, ಎರಡು ನಾಯಿ, ಒಂದು ಚೀಲ ಜೋಳದ ಹಿಟ್ಟು.
ಹನ್ನೆರಡು ವರ್ಷ. ರಾತ್ರಿಯೆಲ್ಲ ಎದ್ದು ಕೂತು
ನರಿ ಕಾಯುವವನನ್ನು ನಿಷ್ಕ್ರಿಯ ಎಂದರೆ ಹೇಗೆ?

ತಿಂಗಳ ಕೊನೆಗೆ ಜಿಲ್ಲಾ ಕಚೇರಿ ಕೆಂಪು ಎಣಿಸುತ್ತದೆ.
ನಾಲ್ಕಾದರೆ ಟ್ಯಾಬ್ಲೆಟ್ಟು ಬೇರೆ ಶಾಲೆಗೆ.
ಇವನು ಸೇರಿದರೆ ನಮ್ಮವು ನಾಲ್ಕು.

ಅವತ್ತು ಸಂಜೆ ಬಾಗಿಲು ಹಾಕಿಕೊಂಡು
ನಾನು ಲೆರೆಕೊ ಆದೆ.
ಅವನ ಪಾಸ್‌ವರ್ಡು ಗೊತ್ತಿತ್ತು, ದೊಡ್ಡ ನಾಯಿಯ ಹೆಸರು.
ಭಿನ್ನರಾಶಿ, ಮೂರನೇ ಹಂತ.
ಗಿಡ್ಡ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು
ಹುಡುಗರು ತಪ್ಪುವ ಹಾಗೆ ನಡುನಡುವೆ ತಪ್ಪಿದೆ.
ಕೆಲವನ್ನು ನಿಜಕ್ಕೂ ತಪ್ಪಿದೆ.
ಇದನ್ನು ಇಲ್ಲಿ ಬಿಟ್ಟು ಎಲ್ಲೂ ಹೇಳಿಲ್ಲ.
"ಪರವಾಗಿಲ್ಲ ಲೆರೆಕೊ, ಇನ್ನೊಮ್ಮೆ" ಎಂದಳು ಅವಳು.
ನಲವತ್ತೇಳರ ನನಗೆ
ಯಾರಾದರೂ ಪರವಾಗಿಲ್ಲ ಎಂದು ಎಷ್ಟು ಕಾಲವಾಗಿತ್ತು!
ಮಾರನೇ ಸಂಜೆಯೂ ಹೋದೆ.

ಏಳನೇ ಹಂತ ಮುಟ್ಟಿದಾಗ ಕಚೇರಿಯಿಂದ ಪ್ರಶಸ್ತಿಪತ್ರ ಬಂತು.
ಲೆರೆಕೊನಿಗೆ, ಸತತ ಪರಿಶ್ರಮಕ್ಕಾಗಿ.
ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಜುಲೈಯಲ್ಲಿ ಹಿಮ ಬಿತ್ತು. ಮಂದೆ ಕೆಳಗಿಳಿಯಿತು,
ಹಿಂದೆಯೇ ಅವನು, ಗಂಬೂಟಿನ ತುಂಬ ಹಿಮ.
ಬಂದವನೇ ತನ್ನ ಹೆಸರು ಒತ್ತಿದ.
ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ,
ನನ್ನ ಕೈ ಆಗಲೇ ಹೆಗಲ ಮೇಲಿತ್ತು.
ಬಹಳ ಹೊತ್ತು ಪರದೆ ನೋಡಿದ. ಮೂಗು ಒರೆಸಿಕೊಂಡ.
"ನಾನಿಲ್ಲದಾಗ ನಾನು ಇಷ್ಟೊಂದು ಓದಿದ್ದೀನಾ, ನ್ತಾತೆ?"

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ, ಹಲ್ಲಿನಷ್ಟು.
ಅವನು ನಗಲಿಲ್ಲ. ಹಿಂದೆ ಹಿಂದೆ ಸರಿಸಿದ,
ಏಳು, ಆರು, ಐದು,
ತಪ್ಪಿಸಿಕೊಂಡ ಮರಿಯ ಗೊರಸು ಹುಡುಕುವವನ ಹಾಗೆ,
ಮೂರರಲ್ಲಿ ನಿಂತ.
"ನಾನು ಬಿಟ್ಟದ್ದು ಇಲ್ಲಿ."

ಚಳಿಗೆ ಒಡೆದ ಅವನ ಬೆರಳು ಪರದೆಗೆ ತಿಳಿಯಲಿಲ್ಲ.
ಒತ್ತಿದ, ಉಜ್ಜಿದ, ಉಸಿರೂದಿ ಮತ್ತೆ ಒತ್ತಿದ.
ಕೊನೆಗೆ ಮಸೆಚಬ ತನ್ನ ಬೆರಳು ಕೊಟ್ಟಳು:
ಅವನು ಹೇಳುವುದು, ಅವಳು ಒತ್ತುವುದು.
ಮೊದಲ ಉತ್ತರ ತಪ್ಪು. ಎರಡನೆಯದೂ.
"ಪರವಾಗಿಲ್ಲ ಲೆರೆಕೊ, ಇನ್ನೊಮ್ಮೆ."

ಅಭ್ಯಾಸ ನೋಡಿ,
ಕಿಟಕಿಯ ಬಳಿ ನಿಂತಿದ್ದ ನಾನು
ಹೂಂ ಎಂದುಬಿಟ್ಟೆ.