ಕಪ್ಪು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಹಿಂಬದಿ ಕೋಣೆ.
ಉದ್ದ ಮೇಜು. ಒಂದೊಂದು ಲಾಟಿಗೆ ಐದು ಕಪ್ಪು,
ಒಟ್ಟು ಆರು ಲಾಟು. ಉಗುಳಲು ಸ್ಟೀಲಿನ ಚೊಂಬು.
ಹನ್ನೊಂದು ವರ್ಷದಿಂದ ಇಲ್ಲಿ ನೀರು ಕಾಯಿಸುತ್ತೇನೆ,
ಕಾಫಿ ನುಂಗದೆ ಸಂಬಳ ಎಣಿಸುತ್ತೇನೆ.

ಚಿಹಾರು ಬಂದದ್ದು ಕೋಬೆಯಿಂದ,
ತನ್ನದೇ ಚಮಚವನ್ನು ತಾಳಿಯ ಹಾಗೆ
ಕೊರಳಿಗೆ ತೂಗುಹಾಕಿಕೊಂಡು.
ಪಂದಿಕರಿ ಹುಡುಕಿಕೊಂಡು ಹೋದ ದುಭಾಷಿ
ಮೂರು ಹೊಡೆದರೂ ಪತ್ತೆಯಿಲ್ಲ.
ಬಾಗಿಲ ಕಡೆ ಕಣ್ಣು ಮಿಟುಕಿಸಿ "ಸಬೊರು" ಎಂದಳು.
ಖಾಲಿ ಕುರ್ಚಿ ತೋರಿಸಿದ ಮೇಲೆ ಹೊಳೆಯಿತು:
ಓ, ಬಂಕು ಹೊಡೆದ!
ಯಾರದೋ ಜೇಬಿನಿಂದ ಎತ್ತಿದ ಮಾತು, ಇಬ್ಬರದೂ.
ಅವಳು ಅದಕ್ಕೊಂದು 'ರು' ಹೊಲಿದುಕೊಂಡಿದ್ದಾಳೆ,
ನಾವು ಹಿಡಿದು ಹೊಡೆಯುತ್ತೇವೆ.

ನನ್ನ ಕೈಯಿಂದ ಚಮಚ ಜಾರಿತು, ಠಣ್.
"ಡೊನ್ಮಾಯಿ" ಎಂದಳು.
ಹೌದು, ಪರವಾಗಿಲ್ಲ ಎಂದೆ.
ಆ 'ಪರವಾ' ಯಾವ ಕುದುರೆ ಏರಿ ಬಂದಿತ್ತೋ ನಮ್ಮೂರಿಗೆ,
ಈಗ ಕೇಳುವವರಿಲ್ಲ.

ಆಮೇಲೆ ಆಟ ಶುರು.
ಬಸ್ಸು ಎಂದರೆ ಬಸು.
ಗ್ಲಾಸು ಎಂದರೆ ಗುರಾಸು.
ಮೆಟ್ಟಿಲಲ್ಲೇ ಒಂಟಿ ಕಾಲಲ್ಲಿ ನಿಂತ ಇಂಗ್ಲಿಷಿಗೆ
'ಉ' ಎಂಬ ಮಣೆ ಹಾಕಿ
ಕೂರು ಮಾರಾಯ ಅನ್ನುವವರು
ನಾವಷ್ಟೇ ಅಂದುಕೊಂಡಿದ್ದೆ.

ಕಪ್ಪು, ಎಂದೆ.
ಕಪ್ಪು! ಎಂದಳು. ಒಂದಕ್ಷರ ಆಚೀಚೆಯಿಲ್ಲ.
ಅಷ್ಟಕ್ಕೇ ನಿಲ್ಲಿಸಬೇಕಿತ್ತು.
ಅದು ಬಣ್ಣವೂ ಹೌದು ಅಂತ ತಿಳಿಸಹೋಗಿ
ಡಿಕಾಕ್ಷನ್ ತೋರಿಸಿದೆ, ನನ್ನ ಜಡೆ ತೋರಿಸಿದೆ.
ಪಾಪ, ಎದ್ದು ಬಂದು
ಜಡೆಯೊಳಗೆ ಕಪ್ಪು ಹುಡುಕಿದಳು.

ನಾಲ್ಕನೇ ಲಾಟು, ಸೋಮವಾರಪೇಟೆ ಕಡೆಯದು,
ಸಿಪ್ಪೆ ಸುಲಿದು ಅಂಟಿನ ಸಮೇತ ಒಣಗಿಸಿದ್ದು.
ಸೊರ್ ಎಂದು ಎಳೆದಳು.
(ಮನೆಯಲ್ಲಿ ಹಾಗೆ ಕುಡಿದರೆ ಬೆನ್ನಿಗೆ ಬೀಳುತ್ತಿತ್ತು ನಮಗೆ.)
ಉಗುಳಲಿಲ್ಲ. ನುಂಗಿದಳು.
ಮುಖ ಕೆಂಪೇರಿ, ಎದೆಗೆ ಕೈಯಿಟ್ಟು,
"ಟೆನ್ಶೊನ್! ಟೆನ್ಶೊನ್!"

ಅಯ್ಯೋ ದೇವರೇ.
ಫ್ಯಾನಿನ ಕೆಳಗೆ ಕೂರಿಸಿದೆ, ನೀರು ಕೊಟ್ಟೆ,
ಮ್ಯಾನೇಜರಿಗೆ ಫೋನು ಹಚ್ಚಿದೆ,
ಬೆನ್ನು ಸವರುತ್ತ
ಟೆನ್ಶನ್ ಬೇಡ ಮೇಡಂ, ಟೆನ್ಶನ್ ಬೇಡ ಎಂದೆ.
ಅವಳ ನಗು ಸಣ್ಣಗಾಯಿತು.
ಚಮಚ ಒರೆಸಿ ಕೆಳಗಿಟ್ಟಳು,
ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಕರಿಮೆಣಸಿನ ವಾಸನೆ ಹೊತ್ತು ಬಂದ ದುಭಾಷಿ
ಕೇಳಿ ಬಿದ್ದು ಬಿದ್ದು ನಕ್ಕ:
"ಅವರ ಕಡೆ ಅದು ಖುಷಿ ದಮಯಂತಕ್ಕ,
ಕುಣಿಯೋ ಅಷ್ಟು ಖುಷಿ.
ನೀವು ಬೇಡ ಬೇಡ ಅಂದ್ರೆ!"

ನಾಲ್ಕನೇ ಲಾಟು ಪೂರ್ತಿ ತಗೊಂಡಳಂತೆ.
ಮೂವತ್ತು ಕಪ್ಪು ತೊಳೆದು ಬೋರಲು ಹಾಕಿ
ಸುಂಟಿಕೊಪ್ಪದ ಬಸ್ಸು ಹಿಡಿದೆ.
ಕಿಟಕಿ ಸೀಟು. ಚಿಲ್ಲರೆಗೆ ಜಗಳ ಆಡಲಿಲ್ಲ.
ಮನೆಯಲ್ಲಿ ವಾರಿಜಕ್ಕ ಕಡುಬಿಗೆ ಉಗಿ ಇಟ್ಟಿದ್ದಳು.
ಚಪ್ಪಲಿಯನ್ನೂ ಬಿಡದೆ ಕೂಗಿದೆ,
ಅಕ್ಕಾ, ಇವತ್ತು ಎಷ್ಟು ಟೆನ್ಶನ್ ಗೊತ್ತಾ!

ಒಲೆ ಆರಿಸಿ ಬಂದಳು.
ಯಾರು ಎಂಥ ಹೇಳಿದ್ರು ನಿನಗೆ?